ಸೋತ ಟೋರಿಗಳ ಪುನಶ್ಚೇತನ ಶಿಬಿರ

ಚುನಾವಣೆ ಸೋತ ಪಕ್ಷ ಮೊದಲು ಮಾಡಬೇಕಾದದ್ದು ಆತ್ಮಾವಲೋಕನ ಸಭೆ. ನಮ್ಮಲ್ಲಾದರೆ ಅದು ಮಧ್ಯಾಹ್ನದ ಊಟದ ಹೊತ್ತಿಗೆ ಮುಗಿದಿರುತ್ತದೆ. ಮತಯಂತ್ರ, ಮಾಧ್ಯಮ, ಒಳಏಟು, ಈ ಮೂರರಲ್ಲಿ ಒಂದರ ತಲೆಗೆ ಸೋಲು ಕಟ್ಟಿ, ಹೋಳಿಗೆ ತಿಂದು ಎದ್ದರಾಯಿತು. ಬ್ರಿಟನ್ನಿನ ಕನ್ಸರ್ವೇಟಿವ್ ಪಕ್ಷದವರು, ಅಂದರೆ ಟೋರಿಗಳು, ಪಾಪ, 2024ರ ಜುಲೈನಲ್ಲಿ ಕೂತವರು ಇನ್ನೂ ಎದ್ದಿಲ್ಲ. ಐದು ವರ್ಷದ ಹಿಂದೆ 365 ಸ್ಥಾನ ಗೆದ್ದು ಬೀಗಿದ್ದ ಪಕ್ಷ 121ಕ್ಕೆ ಕುಸಿಯಿತು. ಅದರ ಚರಿತ್ರೆಯಲ್ಲೇ ಇಷ್ಟು ಕೆಳಗೆ ಇಳಿದದ್ದಿಲ್ಲ. ಐವತ್ತು ದಿನ ತುಂಬುವುದರೊಳಗೆ ಪ್ರಧಾನಿ ಪಟ್ಟದಿಂದ ಇಳಿದಿದ್ದ ಲಿಜ್ ಟ್ರಸ್ ಮೇಡಂ, ಈ ಬಾರಿ ಸ್ವಂತ ಕ್ಷೇತ್ರವನ್ನೂ 630 ಮತಗಳಿಂದ ಬಿಟ್ಟುಕೊಟ್ಟರು.

ನಮ್ಮ ಬೆಂಗಳೂರಿನ ಅಳಿಯ ರಿಷಿ ಸುನಕ್ ಅವರದು ಇನ್ನೊಂದು ಕಥೆ. ಚುನಾವಣೆ ಘೋಷಿಸಿದ್ದು ಸುರಿವ ಮಳೆಯಲ್ಲಿ, ಕೊಡೆಯಿಲ್ಲದೆ. ಸೋತು ವಿದಾಯ ಹೇಳುವಾಗ ಮಾತ್ರ ಹಿಂದೆ ನಿಂತಿದ್ದ ಹೆಂಡತಿಯ ಕೈಯಲ್ಲಿ ಕೊಡೆ ಇತ್ತು. ಮನೆ ಖಾಲಿ ಮಾಡಿದ ಜುಲೈ 5, ಉತ್ತರ ಕರ್ನಾಟಕದಲ್ಲಿ ಮಣ್ಣೆತ್ತಿನ ಅಮಾವಾಸ್ಯೆ. ಮಾರನೇ ದಿನದಿಂದ ಆಷಾಢ. ಅಳಿಯ ಮಾವನ ಮನೆಗೂ ಹೋಗುವ ಹಾಗಿರಲಿಲ್ಲ.

ಸೋಲಿನ ಕಾರಣ ಹುಡುಕಲು ಕೂತವರಲ್ಲಿ ಎರಡು ಬಣವಾಯಿತು. ನೈಜೆಲ್ ಫರಾಜ್ ಅವರ ಬಲಪಂಥೀಯ ರಿಫಾರ್ಮ್ ಪಕ್ಷ ನಲವತ್ತು ಲಕ್ಷ ಮತ ಹೊಡೆದುಕೊಂಡು ಹೋಗಿದೆ, ನಾವು ಸಾಕಷ್ಟು ಬಲಕ್ಕೆ ಹೋಗಲಿಲ್ಲ ಎಂದಿತು ಒಂದು ಬಣ. ನಡುಪಂಥದ ಲಿಬರಲ್ ಡೆಮಾಕ್ರಾಟರು ಗೆದ್ದ 72 ಸ್ಥಾನಗಳಲ್ಲಿ ಹೆಚ್ಚಿನವು ನಮ್ಮ ಕೈಯಿಂದಲೇ ಹೋದವು, ನಾವು ವಿಪರೀತ ಬಲಕ್ಕೆ ಹೋದೆವು ಎಂದಿತು ಇನ್ನೊಂದು. ಸರ್ಕಾರಿ ಆಸ್ಪತ್ರೆಯ ಚಿಕಿತ್ಸೆಗಾಗಿ ಕಾಯುವವರ ಪಟ್ಟಿ ಎಪ್ಪತ್ತು ಲಕ್ಷ ಮೀರಿತ್ತು, ಮನೆ ಸಾಲದ ಕಂತು ಏರಿತ್ತು. ಅದು ಎಡವೋ ಬಲವೋ ಯಾರಿಗೂ ತಿಳಿಯದ್ದರಿಂದ ಆ ವಿಷಯವನ್ನು ಮುಂದಿನ ಸಭೆಗೆ ಹಾಕಲಾಯಿತು.

ಕಾರಣ ಸಿಗದಿದ್ದರೆ ನಾಯಕನನ್ನು ಬದಲಿಸುವುದು ಸಂಪ್ರದಾಯ. ಇಲ್ಲಿ ಟೋರಿ ಸಂಸದರು ತೋರಿದ ಚಾಣಾಕ್ಷತೆಗೆ ನಮ್ಮ ಜಿಲ್ಲಾ ಪಂಚಾಯಿತಿಯ ಹಳೆ ಹುಲಿಗಳೂ ಕೈಮುಗಿಯಬೇಕು. ಕಣದಲ್ಲಿ ಕೊನೆಯ ಇಬ್ಬರನ್ನು ಉಳಿಸಲು ಸಂಸದರು ಮತ ಹಾಕಿದ ಅಕ್ಟೋಬರ್ 8ರ ಸುತ್ತಿನಲ್ಲಿ ಜೇಮ್ಸ್ ಕ್ಲೆವರ್ಲಿಗೆ 39 ಮತ, ಮೊದಲ ಸ್ಥಾನ. ಟಾಮ್ ಟುಗೆಂಡ್‌ಹ್ಯಾಟ್ ಔಟಾಗಿ ಅವರ 20 ಮತಗಳು ಹಂಚಿಕೆಗೆ ಸಿಕ್ಕವು. ಮಾರನೇ ದಿನ ಕ್ಲೆವರ್ಲಿ ಮತ ಏರಬೇಕಿತ್ತಲ್ಲ? 37ಕ್ಕೆ ಇಳಿಯಿತು! ಕೆಮಿ ಬೇಡ್ನಾಕ್ 42, ರಾಬರ್ಟ್ ಜೆನ್ರಿಕ್ 41, ಕ್ಲೆವರ್ಲಿ ಮನೆಗೆ. ನಮ್ಮವನು ಹೇಗೂ ಗೆದ್ದಾಯಿತು, ಕೊನೆಯ ಸುತ್ತಿಗೆ ಸುಲಭದ ಎದುರಾಳಿಯನ್ನು ಆರಿಸೋಣ ಎಂದು ಅವರದೇ ಬೆಂಬಲಿಗರು ಕೆಲವರು ಮತ ಸಾಲ ಕೊಟ್ಟರಂತೆ ಎಂಬ ಗುಸುಗುಸು. ಗುಪ್ತ ಮತದಾನವಾದ್ದರಿಂದ ಸಾಲಗಾರರು ಪತ್ತೆಯಾಗಿಲ್ಲ. ಹದಿನಾಲ್ಕು ವರ್ಷ ದೇಶದ ಖಜಾನೆ ಲೆಕ್ಕ ನೋಡಿದ ಪಕ್ಷಕ್ಕೆ 120 ಚೀಟಿ ಕೂಡಿಸುವುದು ತಪ್ಪಿಹೋಯಿತು. ಕ್ಲೆವರ್ಲಿ ಮಾಡಿದ್ದ ಅಪರಾಧವಾದರೂ ಏನು? ಬರ್ಮಿಂಗ್‌ಹ್ಯಾಮ್ ಸಮಾವೇಶದಲ್ಲಿ, ನಾವು ಸ್ವಲ್ಪ ಸಾಮಾನ್ಯ ಮನುಷ್ಯರ ಹಾಗಿರೋಣ ಎಂದು ಕರೆಕೊಟ್ಟಿದ್ದರು.

ನವೆಂಬರ್ 2ರಂದು ಪಕ್ಷದ ಸದಸ್ಯರು ಉಳಿದಿಬ್ಬರಲ್ಲಿ ಬೇಡ್ನಾಕ್ ಅವರನ್ನು ಆರಿಸಿದರು. ಪಕ್ಷ ಕಟ್ಟುವ ಕೆಲಸ ಭರದಿಂದ ಸಾಗಿತು. ಡಿಸೆಂಬರಿನಲ್ಲಿ ಸ್ಯಾಂಡ್‌ವಿಚ್ ನಿಜವಾದ ಆಹಾರವೇ ಅಲ್ಲವೆಂದು ನಾಯಕಿ ಸಾರಿದರು. ಆ ದೇಶದಲ್ಲಿ ಇದನ್ನು ಹೇಳುವುದೆಂದರೆ ದಾವಣಗೆರೆಗೆ ಹೋಗಿ ಬೆಣ್ಣೆದೋಸೆಯನ್ನು ಬೈದ ಹಾಗೆ. ಪ್ರಧಾನಿ ಕಚೇರಿಯೇ ಸ್ಯಾಂಡ್‌ವಿಚ್ ಪರ ಹೇಳಿಕೆ ಕೊಡಬೇಕಾಯಿತು. ಕ್ರಿಸ್‌ಮಸ್‌ನ ಮರುದಿನ ರಿಫಾರ್ಮ್ ಪಕ್ಷ ತನ್ನ ಸದಸ್ಯರ ಸಂಖ್ಯೆ 1,31,680 ದಾಟಿತೆಂದು, ಅಂದರೆ ಟೋರಿಗಳನ್ನು ಮೀರಿಸಿತೆಂದು ಬೀಗಿತು. ಆ ಅಂಕಿಯನ್ನು ಟೋರಿ ಕಚೇರಿಯ ಗೋಡೆಯ ಮೇಲೇ ಬೆಳಕಿನಲ್ಲಿ ಮೂಡಿಸಿತು. ಅದು ಸುಳ್ಳು ಮೀಟರು ಎಂದರು ಬೇಡ್ನಾಕ್. ಹಬ್ಬದ ರಜೆಯಲ್ಲಿ ಎರಡು ಪಕ್ಷಗಳು ದೇಶದ ಮುಂದಿಟ್ಟ ಮಹತ್ವದ ಪ್ರಶ್ನೆ, ಮೀಟರು ಸರಿಯಿದೆಯೇ ಎಂಬುದು. ಬೆಂಗಳೂರಿನ ಆಟೋದವರನ್ನು ಕೇಳಿದ್ದರೆ ಹೇಳುತ್ತಿದ್ದರು.

2025ರ ಮೇನಲ್ಲಿ ಸ್ಥಳೀಯ ಚುನಾವಣೆ ಬಂತು. ಆರುನೂರಕ್ಕೂ ಹೆಚ್ಚು ಸ್ಥಾನ ಹೋದವು. ಅಷ್ಟೇ.

ಅಕ್ಟೋಬರಿನ ಮ್ಯಾಂಚೆಸ್ಟರ್ ಸಮಾವೇಶದಲ್ಲಿ ಕಾರ್ಯಕರ್ತರಿಗೆ ಚಾಕೊಲೇಟ್ ಹಂಚಿದರು. ಅದರ ಹೊದಿಕೆಯ ಮೇಲೆ, ಲೇಬರ್ ಸರ್ಕಾರ ಸಂಧಾನಕ್ಕೆ ಕೂತರೆ ಬ್ರಿಟನ್ ಸೋಲುತ್ತದೆ ಎಂಬ ಘೋಷಣೆ, ಕೆಳಗೆ ನಾಯಕಿಯ ಸಹಿ. ಬ್ರಿಟನ್ ಎಂಬ ಹೆಸರಿನಲ್ಲೇ ಎರಡು ಅಕ್ಷರ ಅದಲುಬದಲು! ಸಮಾವೇಶದ ಉಡುಗೊರೆಯಲ್ಲವೇ, ತಿಂದುಬಿಟ್ಟರೆ ಸಾಕ್ಷ್ಯ ಉಳಿಯುವುದಿಲ್ಲ. ಆದರೆ ಯಾರೋ ಫೋಟೊ ತೆಗೆದಿದ್ದರು.

ಹಿಂದೆ ಸೋತಾಗ ಹೀಗೆ ಮಾಡಿ ಗೆದ್ದಿಲ್ಲವೇ ಎಂದು ಹಿರಿಯರು ಧೈರ್ಯ ಹೇಳುತ್ತಿದ್ದಾರೆ. ನಿಜ, 1997ರಲ್ಲಿ 165 ಸ್ಥಾನಕ್ಕೆ ಇಳಿದಾಗ ಹೊಸ ನಾಯಕ ವಿಲಿಯಂ ಹೇಗ್ ಬೇಸ್‌ಬಾಲ್ ಟೋಪಿ ಹಾಕಿ ಮಕ್ಕಳ ಪಾರ್ಕಿಗೆ ಹೋಗಿ ನೀರಾಟದ ದೋಣಿಯಲ್ಲಿ ಜಾರಿದ್ದರು. ನಾಲ್ಕು ವರ್ಷದ ಕಠಿಣ ಜಾರಾಟದ ಫಲವಾಗಿ 2001ರಲ್ಲಿ ಸ್ಥಾನಗಳು 166 ಆದವು. ಆಮೇಲೆ ಬಂದ ಡೇವಿಡ್ ಕ್ಯಾಮರೂನ್ ಪಕ್ಷದ ಚಿಹ್ನೆಯಾಗಿದ್ದ ಪಂಜನ್ನು ನಂದಿಸಿ ಮರದ ಚಿತ್ರ ಬರೆಸಿದರು, ಆರ್ಕ್‌ಟಿಕ್‌ಗೆ ಹೋಗಿ ನಾಯಿಗಳ ಗಾಡಿ ಓಡಿಸಿದರು. ಅಧಿಕಾರ ಬರಲು ಒಟ್ಟು ಹದಿಮೂರು ವರ್ಷ ಹಿಡಿಯಿತು, ನಡುವೆ ಜಗತ್ತಿನ ಬ್ಯಾಂಕುಗಳೂ ಮುಳುಗಿ ಸಹಕರಿಸಿದವು.

ಆದರೆ ಆಗ ಬಲಗಡೆ ಇನ್ನೊಂದು ಅಂಗಡಿ ಇಷ್ಟು ಜೋರಾಗಿ ತೆರೆದಿರಲಿಲ್ಲ. ಬ್ರಿಟನ್ನಿನಲ್ಲಿ ಪಕ್ಷಾಂತರ ನಿಷೇಧ ಕಾಯ್ದೆಯೇ ಇಲ್ಲ. ರೆಸಾರ್ಟ್ ಬೇಡ, ಬಸ್ಸು ಬೇಡ, ರಾಜೀನಾಮೆ ಕೊಟ್ಟು ಉಪಚುನಾವಣೆಗೆ ನಿಲ್ಲುವುದೂ ಬೇಡ. ಎದ್ದು ಎದುರು ಸಾಲಿಗೆ ಹೋಗಿ ಕೂತರೆ ಸಾಕು. (ನಮ್ಮವರಿಗೆ ದಯವಿಟ್ಟು ಹೇಳಬೇಡಿ.) ಜೆನ್ರಿಕ್ ಅವರ ನಾಯಕತ್ವದ ಪ್ರಚಾರ ನೋಡಿಕೊಂಡಿದ್ದ ಡ್ಯಾನಿ ಕ್ರೂಗರ್ 2025ರ ಸೆಪ್ಟೆಂಬರಿನಲ್ಲಿ ರಿಫಾರ್ಮ್ ಸೇರಿದರು. 2026ರ ಜನವರಿಯಲ್ಲಿ ಜೆನ್ರಿಕ್ ಅವರೇ ಹೊರಟರು. ಸಂಚು ಗೊತ್ತಾಗಿ ಬೇಡ್ನಾಕ್ ಬೆಳಿಗ್ಗೆ ವಜಾ ಮಾಡಿದರೆ, ಸಂಜೆಯೊಳಗೆ ಅವರು ಫರಾಜ್ ಪಕ್ಕ ನಿಂತಿದ್ದರು. ಪಕ್ಷವನ್ನು ಉಳಿಸಲು ತಾನೇ ಸರಿ ಎಂದು 41,388 ಸದಸ್ಯರಿಂದ ಮತ ಪಡೆದಿದ್ದ ಮನುಷ್ಯ.

ಇಷ್ಟಾದರೂ ಬೇಡ್ನಾಕ್ ಅವರ ಕುರ್ಚಿಗೆ ಒಂದು ರಕ್ಷಣೆಯಿದೆ. ಹಿಂದೆ ನೂರಕ್ಕೆ ಹದಿನೈದರಷ್ಟು ಸಂಸದರು ಪತ್ರ ಬರೆದರೆ ಅವಿಶ್ವಾಸ ಮತಕ್ಕೆ ದಾರಿಯಾಗುತ್ತಿತ್ತು; ಸೋತ ಮೇಲೆ ಅದನ್ನು ಮೂರನೇ ಒಂದು ಭಾಗಕ್ಕೆ ಏರಿಸಿದ್ದಾರೆ. 121 ಸಂಸದರಿದ್ದಾಗ 41 ಪತ್ರ ಬೇಕಿತ್ತು. ಮೂವರು ರಿಫಾರ್ಮ್‌ಗೆ ಹಾರಿದರೆ ಒಂದು ಪತ್ರ ಕಡಿಮೆ ಸಾಕು.