ಫಿಲ್ಟರ್ ಹಾಕದಿದ್ದರೆ ಏನಾಗುತ್ತದೆ?

ಇಂದು ಮಧ್ಯಾಹ್ನ ಖರೀದಿ ಸಭೆಯಲ್ಲಿ ಒಬ್ಬ ಮಹನೀಯರು ನಮ್ಮ ಬೇಡಿಕೆ ಪಟ್ಟಿಯ ಮೇಲೆ ಪೆನ್ನಿನ ತುದಿಯನ್ನು ಊರಿ, "ಈ ಆರ್ಟೀರಿಯಲ್ ಫಿಲ್ಟರ್ ಹಾಕದಿದ್ದರೆ ಏನಾಗುತ್ತದೆ ಸಾರ್?" ಎಂದು ಕೇಳಿದರು. ಹೃದಯ ಶಸ್ತ್ರಚಿಕಿತ್ಸೆಯ ಹೊತ್ತಿನಲ್ಲಿ ಹೃದಯ, ಶ್ವಾಸಕೋಶಗಳ ಕೆಲಸ ಮಾಡುವುದು ಹಾರ್ಟ್-ಲಂಗ್ ಯಂತ್ರ; ಅದರಿಂದ ರೋಗಿಯ ದೇಹಕ್ಕೆ ಮರಳುವ ರಕ್ತದಲ್ಲಿನ ಗಾಳಿಗುಳ್ಳೆ, ಕಣಗಳು ಮಿದುಳಿಗೆ ಹೋಗದಂತೆ ತಡೆಯುವುದು ಈ ಫಿಲ್ಟರ್. ಹದಿನೆಂಟು ವರ್ಷಗಳಿಂದ ಆ ಯಂತ್ರದ ಮುಂದೆ ಕುಳಿತಿರುವ ನನಗೆ ಥಟ್ಟನೆ ಹೊಳೆದ ಉತ್ತರ ಸಭೆಯಲ್ಲಿ ಆಡುವಂಥದ್ದಾಗಿರಲಿಲ್ಲ. ಅಲ್ಲಿ ನುಂಗಿಕೊಂಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಏನಾಗುತ್ತದೆ ಎಂದರೆ, ಸ್ವಾಮಿ, ಹೆಚ್ಚಿನ ದಿನ ಏನೂ ಆಗದಂತೆಯೇ ಕಾಣುತ್ತದೆ. ರೋಗಿ ಎಚ್ಚರಗೊಳ್ಳುತ್ತಾರೆ, ಕೈಕಾಲು ಆಡಿಸುತ್ತಾರೆ, ಮನೆಗೆ ಹೋಗುತ್ತಾರೆ. ಎರಡು ತಿಂಗಳ ಬಳಿಕ ಅಂಗಡಿಯ ಲೆಕ್ಕ ತಪ್ಪತೊಡಗಿದರೆ, ಮೊಮ್ಮಗಳ ಹೆಸರು ನಾಲಿಗೆಯ ತುದಿಯಲ್ಲೇ ನಿಂತುಬಿಟ್ಟರೆ, ಮನೆಯವರು ವಯಸ್ಸಾಯಿತು ಎಂದುಕೊಳ್ಳುತ್ತಾರೆಯೇ ಹೊರತು ನಮ್ಮ ಖರೀದಿ ವಿಭಾಗಕ್ಕೆ ದೂರು ಬರೆಯುವುದಿಲ್ಲ. 1994ರಲ್ಲಿ ಪ್ರಕಟವಾದ, ನೂರು ಬೈಪಾಸ್ ರೋಗಿಗಳ ಅಧ್ಯಯನವೊಂದರಲ್ಲಿ, ಎಂಟು ವಾರಗಳ ನಂತರ ನೆನಪು, ಗಮನ ಮುಂತಾದವುಗಳ ಪರೀಕ್ಷೆಯಲ್ಲಿ ಹಿಂದೆ ಬಿದ್ದವರು ಫಿಲ್ಟರ್ ಇದ್ದ ಗುಂಪಿನಲ್ಲಿ ಶೇ. 8, ಇಲ್ಲದ ಗುಂಪಿನಲ್ಲಿ ಶೇ. 27. ಈ ಎರಡು ಅಂಕಿಗಳ ನಡುವಿನ ಅಂತರಕ್ಕೆ ಟೆಂಡರಿನಲ್ಲಿ ಯಾವ ಕಾಲಂ ಇದೆಯೋ ನನಗೆ ತಿಳಿಯದು.

ಅವರ ಕಣ್ಣಿಗೆ ಅದು ಚಹಾ ಸೋಸುವ ಜಾಲರಿ. ವಾಸ್ತವದಲ್ಲಿ ರಕ್ತವು ಆ ಪುಟ್ಟ ಗುಮ್ಮಟದೊಳಗೆ ಓರೆಯಾಗಿ ನುಗ್ಗಿ ಸುಳಿಯಂತೆ ತಿರುಗುವಾಗ, ಹಗುರವಾದ ಗಾಳಿಗುಳ್ಳೆ ನೆತ್ತಿಗೇರಿ ಪರ್ಜ್ ಲೈನ್ ಎಂಬ ಸಣ್ಣ ಕೊಳವೆಯ ಮೂಲಕ, ರಕ್ತ ಸಂಗ್ರಹವಾಗುವ ರಿಸರ್ವಾಯರಿಗೆ ಮರಳುತ್ತದೆ. ಉಳಿದವನ್ನು ಒದ್ದೆಯಾದ ಪಾಲಿಯೆಸ್ಟರ್ ಬಲೆ ತಡೆಯುತ್ತದೆ. ರಂಧ್ರ ಸಾಮಾನ್ಯವಾಗಿ 40 ಮೈಕ್ರಾನ್. ಕೆಂಪು ರಕ್ತಕಣ 7–8 ಮೈಕ್ರಾನ್. ಮಿದುಳಿನ ಲೋಮನಾಳವೂ ಹೆಚ್ಚುಕಡಿಮೆ ಅಷ್ಟೇ ಅಗಲ. ಅಂದರೆ ನಮ್ಮ ಬಲೆಯನ್ನು ದಾಟಿದ ಕಣವೂ ಮುಂದೆ ಎಲ್ಲೋ ಸಿಕ್ಕಿಕೊಳ್ಳಬಲ್ಲದು. ರಂಧ್ರವನ್ನು ಇನ್ನಷ್ಟು ಕಿರಿದಾಗಿಸೋಣವೆಂದರೆ ಹರಿವಿಗೆ ತಡೆ ಹೆಚ್ಚುತ್ತದೆ, ರಕ್ತಕಣಗಳು ನಲುಗುತ್ತವೆ. ಎದೆಗೂಡಿನಿಂದ ಸಕ್ಷನ್ ಮೂಲಕ ಬರುವ ರಕ್ತದಲ್ಲಿನ ಕೊಬ್ಬಿನ ಹನಿಯಂತೂ ಬಾಗಿ ಬಳುಕಿ ನುಸುಳಿಯೂಬಿಡುತ್ತದೆ. ಇರುವ ಕಾವಲೇ ಇಷ್ಟು ತೆಳುವಾಗಿರುವಾಗ ಅದನ್ನೂ ಕಿತ್ತುಹಾಕುವ ಮಾತು!

ರಕ್ತಕ್ಕೆ ಆಮ್ಲಜನಕ ಬೆರೆಸುವ ಈಗಿನ ಆಕ್ಸಿಜನೇಟರುಗಳು ತಾವೇ ಸಾಕಷ್ಟು ಗುಳ್ಳೆಗಳನ್ನು ಹಿಡಿಯುತ್ತವೆ ಎಂಬ ವಾದವೂ ಬಂತು. ಒಪ್ಪುತ್ತೇನೆ. 1955ರಲ್ಲಿ ಮಿನ್ನೆಸೋಟದಲ್ಲಿ ಡಿವಾಲ್ ಮತ್ತು ಲಿಲ್ಲೆಹೈ ಎಂಬ ವೈದ್ಯರು ರಕ್ತದೊಳಗೇ ಆಮ್ಲಜನಕದ ಗುಳ್ಳೆಗಳನ್ನು ಹಾಯಿಸಿ, ಆಮೇಲೆ ಸಿಲಿಕೋನಿನಿಂದ ನೊರೆ ಇಳಿಸುತ್ತಿದ್ದ ಕಾಲ ಇದಲ್ಲ. ಒಳಗೇ ಫಿಲ್ಟರ್ ಅಳವಡಿಸಿದ ಆಕ್ಸಿಜನೇಟರುಗಳೂ ಬಂದಿವೆ. ಪ್ರತ್ಯೇಕ ಫಿಲ್ಟರಿಗೆ ತುಂಬಬೇಕಾದ ದ್ರವ ಉಳಿತಾಯವಾಗುವುದರಿಂದ ಮಕ್ಕಳ ಶಸ್ತ್ರಚಿಕಿತ್ಸೆಯಲ್ಲಿ ಅವು ನಿಜಕ್ಕೂ ಉಪಕಾರಿ. ಹಾಗಾದರೆ ಅವನ್ನೇ ತರಿಸಿ ಎಂದೆ. ಬೆಲೆ ಕೇಳಿದ ಮೇಲೆ ಅವರು ಸೀಲಿಂಗ್ ಫ್ಯಾನನ್ನು ಬಹಳ ಹೊತ್ತು ನೋಡಿದರು.

ಇಷ್ಟೆಲ್ಲ ಹೇಳುವ ನಾನೇನೂ ಸಾಚಾ ಅಲ್ಲ. ಹೊಸತರಲ್ಲಿ ಒಮ್ಮೆ ಪ್ರೈಮಿಂಗ್, ಅಂದರೆ ಯಂತ್ರದ ಕೊಳವೆಗಳಿಗೆ ದ್ರವ ತುಂಬುವ ಕೆಲಸ, ಮುಗಿಸಿ, ಫಿಲ್ಟರನ್ನು ತಟ್ಟಿ ಗಾಳಿ ತೆಗೆದು, ಪರ್ಜ್ ಲೈನಿನ ಸ್ಟಾಪ್‌ಕಾಕ್ ಮುಚ್ಚಿ, ಮತ್ತೆ ತೆರೆಯುವುದನ್ನು ಮರೆತಿದ್ದೆ. ಪಂಪ್ ಆರಂಭವಾಗುವ ಮುನ್ನ ನಮ್ಮ ಹಿರಿಯರು ಮಾತಿಲ್ಲದೆ ನನ್ನ ಹೆಗಲ ಮೇಲಿಂದ ಕೈ ಚಾಚಿ ಅದನ್ನು ತಿರುಗಿಸಿದರು. ಸಂಜೆ ಕಾಫಿ ಕುಡಿಯುವಾಗ, "ಫಿಲ್ಟರ್ ಇದೆ ಅಂತ ಕಣ್ಣು ಮುಚ್ಕೋಬೇಡಪ್ಪಾ" ಎಂದದ್ದಷ್ಟೇ. ನಿಮಿಷಕ್ಕೆ 5 ಲೀಟರ್ ಹರಿಯುತ್ತಿರುವಾಗ ರಿಸರ್ವಾಯರಿನಲ್ಲಿ 300 ಮಿಲಿಲೀಟರ್ ಉಳಿದಿದ್ದರೆ, ಅದು ಬರಿದಾಗಲು ನಾಲ್ಕು ಸೆಕೆಂಡೂ ಬೇಡ. ಆಮೇಲೆ ನುಗ್ಗುವ ಗಾಳಿಯ ರಾಶಿಗೆ ಯಾವ ಬಲೆಯೂ ಸಾಲದು. ಅದಕ್ಕೆಂದೇ ಲೆವೆಲ್ ಸೆನ್ಸರ್, ಬಬಲ್ ಡಿಟೆಕ್ಟರ್. ಪ್ರೈಮಿಂಗಿಗೆ ಮೊದಲು ಕೊಳವೆಗಳ ಸರ್ಕ್ಯೂಟಿಗೆ ಇಂಗಾಲದ ಡೈಆಕ್ಸೈಡ್ ಹಾಯಿಸುವುದೂ ಗುಳ್ಳೆಯ ಭಯದಿಂದಲೇ. ಅದು ಗಾಳಿಯಲ್ಲಿನ ಸಾರಜನಕಕ್ಕಿಂತ ಬಹಳ ಸುಲಭವಾಗಿ ಕರಗುತ್ತದೆ. ಮುಂದಿನ ಸಭೆಯಲ್ಲಿ ಈ ಪಟ್ಟಿಯಿಂದಲೂ ಒಂದೊಂದನ್ನೇ ಹೊಡೆದುಹಾಕುವರೋ ಏನೋ.

ತೀರ್ಮಾನವನ್ನು ಬರುವ ವಾರಕ್ಕೆ ಮುಂದೂಡಿದ್ದಾರೆ. ಸ್ಟೋರಿನಲ್ಲಿ ಇನ್ನು ಹನ್ನೊಂದು ಫಿಲ್ಟರುಗಳಿವೆ; ಮನೆಗೆ ಹೊರಡುವ ಮುನ್ನ ನಾನೇ ಹೋಗಿ ಎಣಿಸಿ ಬಂದೆ.