ದುಡ್ಡಿನ ಕತೆ ಬಿಡಿ, ಸ್ಟೀವನ್ಸನ್ ಎಡಗೈ ನೋಡಿ

ಕ್ಯೂಬಾದ ಹೆವಿವೇಟ್ (ಭಾರೀ ತೂಕದ ವಿಭಾಗದ) ಬಾಕ್ಸರ್ ಟಿಯೋಫಿಲೊ ಸ್ಟೀವನ್ಸನ್ ಹೆಸರೆತ್ತಿದರೆ ಸಾಕು, ವೃತ್ತಿಪರ ಬಾಕ್ಸಿಂಗ್‌ನ ದಿಗ್ಗಜ ಮುಹಮ್ಮದ್ ಅಲಿ ಜೊತೆ ಸೆಣಸಲು ಲಕ್ಷಾಂತರ ಡಾಲರ್ ಕೊಡ್ತೀವಿ ಅಂದರೂ ಒಲ್ಲೆ ಅಂದ ಕತೆ ಶುರುವಾಗುತ್ತೆ. ಕತೆ ನಿಜವೇ. ಆದರೆ ಅದರ ಅಬ್ಬರದಲ್ಲಿ ಅವನ ಬಾಕ್ಸಿಂಗ್ ಮರೆತೇಹೋಗುತ್ತೆ ಅನ್ನೋದು ನನ್ನ ಸಂಕಟ.

ಅವನ ಬಲಗೈ ಹೊಡೆತವನ್ನು ಎಲ್ಲರೂ ಹೊಗಳ್ತಾರೆ. ಅದಕ್ಕೆ ದಾರಿ ಮಾಡಿಕೊಡ್ತಿದ್ದದ್ದು ಎಡಗೈ ಜಾಬ್, ಅಂದರೆ ಮುಂದಿನ ಕೈಯಿಂದ ಚಕ್ಕನೆ ಕೊಡೋ ನೇರ ಗುದ್ದು. ಮುಖಕ್ಕೆ ಜಾಬ್ ಮೇಲೆ ಜಾಬ್ ಬೀಳ್ತಿದ್ದರೆ ಎದುರಾಳಿಯ ಕಣ್ಣು, ಕೈ ಎರಡೂ ಅದರ ಕಡೆಗೇ. ಆ ಗಳಿಗೆಯಲ್ಲಿ ಹಿಂಗಾಲಿನಿಂದ ಮೈಭಾರವೆಲ್ಲ ಸೇರಿ ಬಲಗೈ ನೇರ ಬರ್ತಿತ್ತು. 1971ರ ಪ್ಯಾನ್ ಅಮೆರಿಕನ್ ಕೂಟದಲ್ಲಿ ತನ್ನನ್ನು ಸೋಲಿಸಿದ್ದ ಅಮೆರಿಕದ ಡುವೇನ್ ಬಾಬಿಕ್‌ನನ್ನು 1972ರ ಮ್ಯೂನಿಕ್ ಒಲಿಂಪಿಕ್ಸ್ ಕ್ವಾರ್ಟರ್ ಫೈನಲ್‌ನ ಮೂರನೇ ಸುತ್ತಿನಲ್ಲಿ ಮೂರು ಸಲ ಕೆಡವಿದ. ರೆಫರಿ ಪಂದ್ಯ ನಿಲ್ಲಿಸಿದರು. 1976ರಲ್ಲಿ ಮಾಂಟ್ರಿಯಲ್ ಒಲಿಂಪಿಕ್ಸ್‌ನಲ್ಲಿ ಅಮೆರಿಕದ ಜಾನ್ ಟೇಟ್ ಮೊದಲ ಸುತ್ತನ್ನೂ ದಾಟಲಿಲ್ಲ. ಇದೇ ಟೇಟ್ 1979ರಲ್ಲಿ ವೃತ್ತಿಪರ ವಿಶ್ವ ಚಾಂಪಿಯನ್ ಆದ!

ಹಾಗಂತ ಸ್ಟೀವನ್ಸನ್ ಸೋಲದವನೇನಲ್ಲ. ಸೋವಿಯತ್‌ನ ಇಗೊರ್ ವೈಸೋಟ್ಸ್ಕಿ ಎರಡು ಸಲ ಸೋಲಿಸಿದ. ವೈಸೋಟ್ಸ್ಕಿ ಸ್ಟೀವನ್ಸನ್‌ಗಿಂತ ಗಿಡ್ಡ, ಬಗ್ಗಿಕೊಂಡೇ ಒಳನುಗ್ಗೋನು. ಎದುರಾಳಿ ಎದೆಗೆ ಅಂಟಿಕೊಂಡರೆ ಉದ್ದ ಕೈ ಚಾಚೋಕೆ ಜಾಗವೆಲ್ಲಿ? 1980ರ ಮಾಸ್ಕೋದಲ್ಲಿ ಹಂಗೇರಿಯ ಲೆವಾಯ್ ಉಲ್ಟಾ ದಾರಿ ಹಿಡಿದು, ದೂರವೇ ಉಳಿದು ಮೂರೂ ಸುತ್ತು ತಳ್ಳಿದ. ಪಂದ್ಯವನ್ನೇನೋ ಸ್ಟೀವನ್ಸನ್ನೇ ಗೆದ್ದ, ಸತತ ಮೂರನೇ ಚಿನ್ನವೂ ಬಂತು.

ಅಲಿಯನ್ನು ಸೋಲಿಸ್ತಿದ್ದನಾ ಅನ್ನೋ ವಾದದಲ್ಲಿ ನನಗೆ ಹುರುಳು ಕಾಣಲ್ಲ. ಒಲಿಂಪಿಕ್ಸ್ ಪಂದ್ಯ ಅಂದರೆ ಮೂರು ನಿಮಿಷದ ಮೂರು ಸುತ್ತು, ಒಟ್ಟು 9 ನಿಮಿಷ. ಆಗಿನ ವೃತ್ತಿಪರ ವಿಶ್ವ ಪಟ್ಟಕ್ಕೆ 15 ಸುತ್ತು, 45 ನಿಮಿಷ. ದಮ್ಮು ಉಳಿಸಿಕೊಳ್ಳೋ ಲೆಕ್ಕವೇ ಬೇರೆ.

ನಿಜವಾದ ನಷ್ಟ ಆಗಿದ್ದು 1984ರಲ್ಲಿ. ಕ್ಯೂಬಾ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ಗೆ ಹೋಗಲಿಲ್ಲ. ಅಲ್ಲಿ ಸೂಪರ್ ಹೆವಿವೇಟ್ ಚಿನ್ನ ಗೆದ್ದ ಟೈರೆಲ್ ಬಿಗ್ಸ್‌ನನ್ನು ಅದೇ ವರ್ಷ ಸ್ಟೀವನ್ಸನ್ ಸೋಲಿಸಿದ್ದ. 1986ರಲ್ಲಿ, 34ರ ವಯಸ್ಸಿನಲ್ಲಿ, ಅಮೆರಿಕದ ರೀನೊದಲ್ಲಿ ಮತ್ತೆ ಹವ್ಯಾಸಿ ವಿಶ್ವ ಚಾಂಪಿಯನ್ ಆದ. 1988ರ ಸಿಯೋಲ್ ಒಲಿಂಪಿಕ್ಸ್‌ಗೂ ಕ್ಯೂಬಾ ಹೋಗಲಿಲ್ಲ; ಅಲ್ಲಿಗೆ ಅವನೂ ಗ್ಲೌಸ್ ಬಿಚ್ಚಿಟ್ಟ.

ಆಮೇಲೆ ಕ್ಯೂಬಾ ಬಾಕ್ಸಿಂಗ್ ಒಕ್ಕೂಟದ ಉಪಾಧ್ಯಕ್ಷನಾದ. ಎದುರಾಳಿಯಾಗಬೇಕಿದ್ದ ಅಲಿ ಗೆಳೆಯನಾದ. 2012ರ ಜೂನ್ 11ರಂದು ಹವಾನಾದಲ್ಲಿ ಹೃದಯಾಘಾತದಿಂದ ತೀರಿಕೊಂಡಾಗ ಅವನಿಗೆ 60 ವರ್ಷ. ಹೆವಿವೇಟ್‌ನಲ್ಲಿ ಮೂರು ಒಲಿಂಪಿಕ್ ಚಿನ್ನದ ಅವನ ಸಾಧನೆಯನ್ನು ಸರಿಗಟ್ಟಿದವನು ಒಬ್ಬನೇ, ಫೆಲಿಕ್ಸ್ ಸವೋನ್. ಅವನೂ ಕ್ಯೂಬಾದವನೇ.