ಗೋಲ್ಡ್ ಮೆಂಬರ್ ತಿಂಡಿ ತಿಂದಿದ್ದು

ನಮ್ಮಮ್ಮನ ಪ್ರಕಾರ ಹೋಟ್ಲು ಅಂದ್ರೆ ತಿನ್ನೋ ಜಾಗ, ಮಲಗೋ ಜಾಗ ಅಂದ್ರೆ ಲಾಡ್ಜು. ಅದಕ್ಕೇ ಮುಂಬೈಲಿ ದೊಡ್ಡಮ್ಮನ ಮೊಮ್ಮಗಳ ಮದುವೆಗೆ "ಹೋಟೆಲ್ ಬುಕ್ ಮಾಡ್ತಿದೀನಮ್ಮ" ಅಂದಾಗ "ಮದುವೆ ಮನೇಲೇ ಊಟ ಇರುತ್ತಲ್ಲೋ" ಅಂದ್ಬಿಟ್ಳು. ಮದುವೆ ಮಾಟುಂಗಾದಲ್ಲಿ. ದೊಡ್ಡಮ್ಮ ಛತ್ರದ ಪಕ್ಕದಲ್ಲೇ ನೆಂಟರಿಗೆಲ್ಲ ರೂಮ್ ಮಾಡ್ಸಿದ್ರು, ನಮಗೂ ಒಂದು ಇತ್ತು, ಆದ್ರೆ ನಾನು ಗೋಲ್ಡ್ ಮೆಂಬರ್ ಅಲ್ವಾ.

ಗೋಲ್ಡ್ ಅಂದ್ರೆ ದೊಡ್ಡ ಹೋಟೆಲ್ ಕಂಪನಿಗಳು ಕಾಯಂ ಗಿರಾಕಿಗಳಿಗೆ ಕೊಡೋ ಒಂದು ದರ್ಜೆ. ಈ ಗೋಲ್ಡು ನಾನು ದುಡಿದು ತಗೊಂಡಿದ್ದಲ್ಲ, ಕ್ರೆಡಿಟ್ ಕಾರ್ಡ್ ಜೊತೆ ಬಂದಿದ್ದು. ಮ್ಯಾರಿಯಟ್‌ನೋರ ಲೆಕ್ಕದಲ್ಲಿ ವರ್ಷಕ್ಕೆ 10 ರಾತ್ರಿ ಉಳ್ಕೊಂಡ್ರೆ ಸಿಲ್ವರ್, 25ಕ್ಕೆ ಗೋಲ್ಡ್, 50 ಆದ್ರೆ ಪ್ಲಾಟಿನಂ. ಗೋಲ್ಡ್‌ನೋರು ಹೊರಡೋ ದಿನ ರೂಮ್ ಖಾಲಿ ಇದ್ರೆ ಮಧ್ಯಾಹ್ನ 2ರ ತನಕ ಮಲಗಬಹುದು, ಪ್ಲಾಟಿನಂ ಆದ್ರೆ 4ರ ತನಕ. ಹಿಲ್ಟನ್‌ನಲ್ಲಿ ಗೋಲ್ಡ್ ಇದ್ರೆ ಅಮೆರಿಕ ಬಿಟ್ಟು ಬೇರೆ ಕಡೆ ಇಬ್ಬರಿಗೆ ತಿಂಡಿ ಫ್ರೀ. ಇದನ್ನೆಲ್ಲ ಯಾಕೆ ಬಾಯಿಪಾಠ ಮಾಡಿದೀನಿ ಅಂತ ಕೇಳ್ಬೇಡಿ, ನಾನು ಉಳ್ಕೊಂಡಿದ್ದು ಇವೆರಡೂ ಅಲ್ಲ, ಆದ್ರೆ ಒಂದ್ಸಲ ಈ ಹುಚ್ಚು ಹಿಡೀತು ಅಂದ್ರೆ ಪಕ್ಕದ್ಮನೆಯೋರ ಜಾತಕಾನೂ ನೋಡೋ ಹಾಗಾಗುತ್ತೆ.

ಕೊನೆಗೆ ಎಕ್ಸೆಲ್ ಶೀಟಲ್ಲಿ ಎರಡು ಹೋಟೆಲ್ ಉಳೀತು. ಒಂದು ಲೋವರ್ ಪರೇಲ್‌ನಲ್ಲಿ, ಮಾಟುಂಗಾಕ್ಕೆ ಹತ್ರ, ನಾನು ಕೂಡಿಟ್ಟಿದ್ದ ಪಾಯಿಂಟ್ಸ್‌ನಲ್ಲೇ ಎರಡು ರಾತ್ರಿ ಬರ್ತಿತ್ತು, ಕೈಯಿಂದ ಒಂದ್ರೂಪಾಯಿ ಇಲ್ಲ, ಆದ್ರೆ ತಿಂಡಿ ಇಲ್ಲ. ಇನ್ನೊಂದು ಅಂಧೇರಿಲಿ, ಏರ್‌ಪೋರ್ಟ್ ಹತ್ರ, ರಾತ್ರಿಗೆ 11,000, ರೂಮು 7,500 ದಾಟಿದ್ರೆ ಜಿಎಸ್‌ಟಿ 18 ಪರ್ಸೆಂಟು, ಎರಡು ರಾತ್ರಿಗೆ 25,960, ಆದ್ರೆ ಗೋಲ್ಡ್‌ಗೆ ರೂಮ್ ಅಪ್‌ಗ್ರೇಡು, ಇಬ್ಬರಿಗೆ ತಿಂಡಿ ಫ್ರೀ. ತಿಂಡಿ ತಲೆಗೆ 1,200, ಅಂದ್ರೆ ಎರಡು ದಿನಕ್ಕೆ ನನಗೆ 4,800 ಉಳಿತಾಯ! ಹೆಂಡ್ತಿ ಶೀಟ್ ನೋಡಿ, "ರೀ, ಸೊನ್ನೆ ಬಿಟ್ಟು ಇಪ್ಪತ್ತಾರು ಸಾವಿರ ಕೊಡೋದು ಉಳಿತಾಯ ಹೆಂಗಾಗುತ್ತೆ?" ಅಂದ್ಳು. ಪಾಯಿಂಟ್ಸ್ ಖರ್ಚಾಗೋಗುತ್ತಲ್ಲ ಅಂದೆ. ನಾನು ಪಾಯಿಂಟ್ಸ್ ಇಟ್ಟಿರೋದು ದೊಡ್ಡಮ್ಮ ಬೀರುವಲ್ಲಿ ಧರ್ಮಾವರಂ ಸೀರೆ ಇಟ್ಟಂಗೆ, ಒಳ್ಳೆ ಸಮಯಕ್ಕೆ ಅಂತ, ಆ ಸಮಯ ಯಾವುದು ಅಂತ ಇಬ್ಬರಿಗೂ ಗೊತ್ತಿಲ್ಲ.

ಸರಿ, ಹೋದ್ವಿ. ರಿಸೆಪ್ಷನ್ ಹುಡುಗಿ "ಥ್ಯಾಂಕ್ಯೂ ಫಾರ್ ಬೀಯಿಂಗ್ ಎ ಗೋಲ್ಡ್ ಮೆಂಬರ್ ಸರ್, ನಿಮ್ಮ ರೂಮ್ ಅಪ್‌ಗ್ರೇಡ್ ಆಗಿದೆ" ಅಂದಾಗ ಅಮ್ಮನ ಕಡೆ ತಿರುಗಿ ನೋಡ್ದೆ. ಅಮ್ಮ ಸೋಫಾ ಮೇಲೆ ಕೂತು ಹೂವಿನ ಕುಂಡದ ಎಲೆ ಚಿವುಟಿ ಅದು ಪ್ಲಾಸ್ಟಿಕ್ಕಾ ನಿಜವಾದ್ದಾ ಅಂತ ನೋಡ್ತಿದ್ಳು.

ಅಪ್‌ಗ್ರೇಡ್ ಅಂದ್ರೆ ಏನು ಅಂತ ರೂಮಿಗೆ ಹೋದ್ಮೇಲೆ ಗೊತ್ತಾಯ್ತು. ಮಂಚಕ್ಕೂ ಬಚ್ಚಲಿಗೂ ನಡುವೆ ಗೋಡೆ ಇಲ್ಲ, ಪೂರ್ತಿ ಗಾಜು! ಸ್ನಾನ ಮಾಡ್ತಾ ಸಿಟಿ ವ್ಯೂ ನೋಡ್ಲಿ ಅಂತಂತೆ. ಗಾಜಿಗೊಂದು ಪರದೆ, ಅದರ ಬಟನ್ನು ಮಂಚದ ಪಕ್ಕ, ಹನ್ನೆರಡು ಬಟನ್ ಇರೋ ಒಂದು ಫಲಕದಲ್ಲಿ. ಬಾಗಿಲ ಪಕ್ಕದ ಸ್ಲಾಟಲ್ಲಿ ಕಾರ್ಡ್ ಇದ್ರೆ ಮಾತ್ರ ರೂಮಿಗೆ ಕರೆಂಟು, ನಾವು ಹೊರಗೆ ಹೋದ್ರೂ ಎಸಿ ಓಡ್ತಿರ್ಲಿ ಅಂತ ನಾನು ಅದರಲ್ಲಿ ರೂಮ್ ಕಾರ್ಡ್ ಬದಲು ಕ್ರೆಡಿಟ್ ಕಾರ್ಡ್ ಸಿಗಿಸಿದೆ, ಇದು ನನ್ನ ಹಳೇ ಟ್ರಿಕ್ಕು, ಪರದೆ ಇಳಿಸಿ ಸ್ನಾನಕ್ಕೆ ಹೋದೆ. ಅಮ್ಮನಿಗೆ ಎಲ್ಲಾದ್ರೂ ಲೈಟು ಸುಮ್ನೆ ಉರೀತಿದ್ರೆ ಜೀವ ತಡೆಯಲ್ಲ. ಮಂಚದ ಕಾಲಡಿ ಒಂದು ಪುಟ್ಟ ಲೈಟು ಉರೀತಿತ್ತಂತೆ, ಅದನ್ನ ಆರಿಸೋಕೆ ಒಂದೊಂದೇ ಬಟನ್ ಒತ್ತುತ್ತಾ ಬಂದಿದಾಳೆ. ನಾನು ತಲೆಗೆ ಶಾಂಪೂ, ಮೈಗೆಲ್ಲ ಸೋಪು, ಕಣ್ಣು ಅರ್ಧ ಬಿಟ್ಟು ನೋಡ್ತೀನಿ, ಪರದೆ ಕಂಪನಿ ನಾಟಕದ ಹಾಗೆ ನಿಧಾನಕ್ಕೆ, ಗರ್ ಅಂತ ಸದ್ದು ಮಾಡ್ಕೊಂಡು ಮೇಲೇಳ್ತಿದೆ. ಮೊದ್ಲು ಅಮ್ಮನ ಪಾದ ಕಾಣ್ತು, ಆಮೇಲೆ ಸೀರೆ ನೆರಿಗೆ. ನಾನು ಕೂಗಿದ್ದು ಗಾಜಿನಾಚೆ ಕೇಳ್ಲಿಲ್ಲ. ಟವೆಲ್ಲು ಎರಡು ಮಾರು ದೂರ, ಬಕೆಟ್ಟಾದ್ರೂ ಹಿಡ್ಕೊಳ್ಳೋಣ ಅಂದ್ರೆ ಈ ಹೋಟೆಲ್‌ನೋರು ಬಕೆಟ್ಟು ಇಡೋದೇ ಇಲ್ಲ ನೋಡಿ, ಗೋಡೆ ಕಡೆ ತಿರುಗಿ ಕುಕ್ಕರಗಾಲಲ್ಲಿ ಕೂತೆ. ಹೊರಗೆ ಬಂದ್ಮೇಲೆ ಅಮ್ಮ, "ನಿನ್ನ ಎರೆದು ದೊಡ್ಡೋನ ಮಾಡಿದ್ದೇ ನಾನು, ಬಿಡೋ" ಅಂದ್ಳು. ಹೆಂಡ್ತಿ ದಿಂಬಿಗೆ ಮುಖ ಒತ್ಕೊಂಡಿದ್ಳು, ಬೆನ್ನು ಮಾತ್ರ ಅಲ್ಲಾಡ್ತಿತ್ತು. ಸಾದಾ ರೂಮಿಗೆ ಗೋಡೆ ಇತ್ತಂತೆ.

ಬೆಳಿಗ್ಗೆ ಮುಹೂರ್ತ 8.50ಕ್ಕೆ. 7ಕ್ಕೇ ಹೊರಡ್ಬೇಕಿತ್ತು, ಆದ್ರೆ ನಾನು ತಿಂಡಿ ಬಿಡೋನಾ? ರೆಸ್ಟೋರೆಂಟ್ ಬಾಗಿಲಲ್ಲಿ ಹುಡುಗ ಲಿಸ್ಟ್ ನೋಡಿ, ಇಬ್ಬರಿಗೆ ಕಾಂಪ್ಲಿಮೆಂಟರಿ, ಮೂರನೆಯವರಿಗೆ 1,200 ಪ್ಲಸ್ ಟ್ಯಾಕ್ಸ್ ಅಂದ. ಅಮ್ಮನಿಗೆ ಇಂಗ್ಲಿಷ್ ಬರಲ್ಲ, ಆದ್ರೆ ದುಡ್ಡಿನ ವಿಷಯ ಯಾವ ಭಾಷೇಲಿ ಹೇಳಿದ್ರೂ ಅರ್ಥ ಆಗುತ್ತೆ. "ನೀವಿಬ್ರೂ ತಿನ್ನಿ, ನಂಗಿವತ್ತು ಏಕಾದಶಿ" ಅಂತ ಹೊರಗೆ ಕೂತ್ಬಿಟ್ಳು. ಅಲ್ಲಿ ಇಡ್ಲಿ ಇತ್ತು, ಲಿಂಬೆಹಣ್ಣಿನ ಗಾತ್ರದ್ದು, ದೀಪದ ಕೆಳಗೆ ಕೂತು ಕೂತು ಮೇಲ್ಗಡೆ ಚರ್ಮ ಕಟ್ಟಿತ್ತು. 1,200 ವಸೂಲಾಗ್ಬೇಕು ಅಂತ ಅದನ್ನೂ ತಿಂದೆ, ಆಮೇಲೆ ಪ್ಯಾನ್‌ಕೇಕು, ಹೆಸರು ಗೊತ್ತಿಲ್ಲದ ಮೂರು ಥರ ಚೀಸು, ಕಲ್ಲಂಗಡಿ ಹಣ್ಣು, ಮತ್ತೆ ದೋಸೆ.

ಸಯನ್ ಹತ್ರ ಟ್ರಾಫಿಕ್ಕಲ್ಲಿ ಸಿಕ್ಕಾಕೊಂಡ್ವಿ. ಛತ್ರ ಮುಟ್ಟಿದಾಗ ತಾಳಿ ಕಟ್ಟಿ ಆಗಿತ್ತು, ಅಕ್ಷತೆ ನೆಲದ ಮೇಲಿತ್ತು. ದೊಡ್ಡಮ್ಮ "ಬಂದ್ಯೇನಪ್ಪ, ಫೈವ್ ಸ್ಟಾರಿನೋನೇ" ಅಂತಷ್ಟೇ ಅಂದು, "ಮೊದ್ಲು ತಿಂಡಿ ತಿನ್ನಿ, ಪಂಕ್ತಿ ಇನ್ನೂ ನಡೀತಿದೆ" ಅಂದ್ರು. ಮಾಟುಂಗಾ ಅಂದ್ರೆ ಗೊತ್ತಲ್ಲ, ಕಿಂಗ್ಸ್ ಸರ್ಕಲ್ ಸುತ್ತ ಬರೀ ಉಡುಪಿ ಹೋಟ್ಲು, ಕೆಫೆ ಮದ್ರಾಸ್ 1940ರಿಂದ ಇದೆ, ಅಡುಗೆಯೋರು ಅದೇ ಬೀದಿಯೋರು. ಬಾಳೆಲೆ ಮೇಲೆ ಹೊಗೆಯಾಡೋ ಇಡ್ಲಿ, ವಡೆ, ತುಪ್ಪ ಜಿನುಗೋ ಕೇಸರಿಬಾತು. ನನಗೆ ಗಂಟಲ ತನಕ ಚೀಸು. ಅಮ್ಮ ನಾಲ್ಕನೇ ಇಡ್ಲಿಗೆ ಸಾಂಬಾರ್ ಹಾಕಿಸ್ಕೊಳ್ತಾ ಇದ್ಳು. ಏಕಾದಶಿ ಅಂದ್ಯಲ್ಲಮ್ಮ ಅಂದೆ. "ಅದು ಅಂಧೇರಿಲಿ ಕಣೋ" ಅಂದ್ಳು.

ಮಾರನೇ ದಿನ ಲೇಟ್ ಚೆಕ್‌ಔಟ್ ಬೇರೆ ಗೋಲ್ಡ್ ಹಕ್ಕು, ಬಿಡಬಾರದು ಅಂತ 2 ಗಂಟೆ ತನಕ ಮೂರೂ ಜನ ಸೂಟ್‌ಕೇಸ್ ಮುಂದಿಟ್ಕೊಂಡು ಸುಮ್ನೆ ಕೂತಿದ್ವಿ. ಸಂಜೆ ಏರ್‌ಪೋರ್ಟಲ್ಲಿ ಸೆಕ್ಯುರಿಟಿ ದಾಟಿ ಕಾಫಿ ತಗೊಳ್ಳೋಕೆ ಪರ್ಸ್ ತೆಗೀತೀನಿ, ಕಾರ್ಡ್ ಇಲ್ಲ. ಅಷ್ಟರಲ್ಲೇ ಹೋಟೆಲ್‌ನಿಂದ ಫೋನು, "ಸರ್, ನಿಮ್ಮ ಕ್ರೆಡಿಟ್ ಕಾರ್ಡ್ ರೂಮಿನ ಸ್ಲಾಟಲ್ಲೇ ಇದೆ." ಕಾರ್ಡ್ ಬ್ಲಾಕ್ ಮಾಡ್ಸಿ, ಹೊಸದಕ್ಕೆ ಫೀಸು ಎಷ್ಟು ಅಂತ ಕೇಳಿ, ತಲೆ ಮೇಲೆ ಕೈ ಹೊತ್ತು ಕೂತೆ. ಅಮ್ಮ ಹೆಂಡ್ತೀನ ಕೇಳಿ ವಿಷಯ ತಿಳ್ಕೊಂಡು ಗಾಬರಿ ಬಿದ್ದು ನನ್ನ ಭುಜ ಅಲ್ಲಾಡಿಸಿದ್ಳು.

"ಅಂದ್ರೆ ಮಧ್ಯಾಹ್ನದಿಂದ ಆ ಎಸಿ ಓಡ್ತಾನೇ ಇದೆಯೇನೋ?"